ಸ್ಕ್ಯಾನಿಂಗ್ ರಿಪೋರ್ಟ್‌ನ ‘ಗ್ರೇಡ್ 2’ ಮತ್ತು ನಿಮ್ಮ ಪ್ರಾಸ್ಟೇಟ್

“ಡಾಕ್ಟ್ರೇ, ಇದು ಕ್ಯಾನ್ಸರ್ ಎರಡನೇ ಸ್ಟೇಜಾ?” 60 ದಾಟಿದವರು ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಕೇಳುವ ಪ್ರಶ್ನೆ ಇದು. ರಿಪೋರ್ಟ್‌ನಲ್ಲಿ ‘ಗ್ರೇಡ್ 2 ಪ್ರಾಸ್ಟೇಟೊಮೆಗಾಲಿ’ ಎಂದು ಬರೆದಿರುತ್ತದೆ. ಗಾಬರಿ ಬೇಡ. ಪ್ರಾಸ್ಟೇಟ್ ಗ್ರಂಥಿ ಎಷ್ಟು ದಪ್ಪವಾಗಿದೆ ಅಂತ ತಿಳಿಸುವ ನಂಬರ್ ಅದು. ಕ್ಯಾನ್ಸರ್ ಇದೆಯೋ ಇಲ್ಲವೋ ಅನ್ನುವುದನ್ನು ಅದು ಹೇಳುವುದಿಲ್ಲ.

ಈ ಗ್ರಂಥಿ ಎಲ್ಲಿದೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ಮೂತ್ರಕೋಶದ ಬುಡದಲ್ಲಿ, ಗುದನಾಳದ ಮುಂಭಾಗದಲ್ಲಿ ಇರುತ್ತದೆ. ಯುವಕರಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ಗಂಡಸರ ಮೂತ್ರನಾಳ ಹತ್ತಿರ ಹತ್ತಿರ 20 ಸೆಂ.ಮೀ. ಉದ್ದ. ಅದರ ಆರಂಭದ 3 ಸೆಂ.ಮೀ. ಈ ಗ್ರಂಥಿಯನ್ನು ತೂರಿಕೊಂಡೇ ಕೆಳಗಿಳಿಯುತ್ತದೆ. ವೀರ್ಯ ಬರುವ ನಾಳಗಳೂ ಇಲ್ಲೇ ಬಂದು ಸೇರುತ್ತವೆ. ಅಲ್ಲಿಂದ ಮುಂದೆ ಎರಡಕ್ಕೂ ಒಂದೇ ದಾರಿ. ವೀರ್ಯ ಹೊರಬರುವಾಗ ಮೂತ್ರಕೋಶದ ಕುತ್ತಿಗೆ, ಅಂದರೆ ಮೂತ್ರನಾಳ ಶುರುವಾಗುವ ಜಾಗ, ಬಿಗಿದುಕೊಳ್ಳುತ್ತದೆ, ಹಾಗಾಗಿ ವೀರ್ಯ ಹಿಂದಕ್ಕೆ ಹೋಗುವುದಿಲ್ಲ.

ವಯಸ್ಸಾದಂತೆ ದಪ್ಪವಾಗುವುದು ನಾಳವನ್ನು ಸುತ್ತಿಕೊಂಡಿರುವ ಒಳಭಾಗ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಹಿಂಬದಿಯ ಹೊರಭಾಗದಲ್ಲಿ. ಅದಕ್ಕೇ ಕ್ಯಾನ್ಸರ್ ಶುರುವಾದಾಗ ಮೂತ್ರಕ್ಕೆ ಏನೂ ತೊಂದರೆ ಆಗದೇ ಇರಬಹುದು. ನಾವು ಗುದದ್ವಾರದಲ್ಲಿ ಬೆರಳಿಟ್ಟು ನೋಡುವುದೂ ಅದಕ್ಕೇ, ಆ ಹಿಂಬದಿ ಬೆರಳಿಗೆ ಸಿಗುತ್ತದೆ. ದಯವಿಟ್ಟು ಮುಜುಗರಪಟ್ಟು ಬೇಡ ಅನ್ನಬೇಡಿ.

ಗಾತ್ರಕ್ಕೂ ತೊಂದರೆಗೂ ನೇರ ಲೆಕ್ಕ ಇಲ್ಲ. 80 ಗ್ರಾಂ ಇದ್ದವರು ಆರಾಮಾಗಿರಬಹುದು. 30 ಗ್ರಾಂ ಇದ್ದರೂ ನಡುಭಾಗ ಮೂತ್ರಕೋಶದೊಳಗೆ ಚಾಚಿಕೊಂಡಿದ್ದರೆ ದಾರಿ ಮುಚ್ಚುತ್ತದೆ. ಹಾಗಾಗಿ ರಿಪೋರ್ಟ್‌ನಲ್ಲಿ ನಾನು ಮೊದಲು ಹುಡುಕುವುದು, ಮೂತ್ರ ಮಾಡಿದ ಮೇಲೂ ಒಳಗೆ ಎಷ್ಟು ಎಂ.ಎಲ್. ಉಳಿದಿದೆ ಅನ್ನುವ ಸಾಲನ್ನು.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಮಳೆಗಾಲದ ರಾತ್ರಿ ಮೂತ್ರ ಕಟ್ಟಿಕೊಂಡು, ಹೊಟ್ಟೆ ಹಿಡಿದುಕೊಂಡು ಬರುವ ಹಿರಿಯರನ್ನು ನಾನು ಮೊದಲು ಕೇಳುವುದೇ, “ನೆಗಡಿಗೆ ಏನಾದ್ರೂ ತಗೊಂಡ್ರಾ?” ಅಂತ. ಮೆಡಿಕಲ್ ಶಾಪ್‌ನಲ್ಲಿ ಸುಮ್ನೆ ಕೇಳಿ ತರುವ ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಫಿನೈಲೆಫ್ರಿನ್, ಕ್ಲೋರ್ಫೆನಿರಮಿನ್ ಇರುತ್ತವೆ. ಮೊದಲನೆಯದು ಮೂಗಿನ ರಕ್ತನಾಳದ ಜೊತೆಗೆ ಮೂತ್ರಕೋಶದ ಕುತ್ತಿಗೆಯನ್ನೂ ಬಿಗಿ ಮಾಡುತ್ತದೆ. ಎರಡನೆಯದು ಮೂತ್ರಕೋಶ ಹಿಂಡುವ ಶಕ್ತಿ ಕುಗ್ಗಿಸುತ್ತದೆ. ಪ್ರಾಸ್ಟೇಟ್ ಮೊದಲೇ ದಪ್ಪವಾಗಿದ್ದರೆ ಇಷ್ಟು ಸಾಕು, ಹನಿಯೂ ಬರುವುದಿಲ್ಲ. ಆಗ ತಡಮಾಡದೆ ಆಸ್ಪತ್ರೆಗೆ ಬನ್ನಿ. ಕ್ಯಾಥೆಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಿದರೆ ಕೆಲವೇ ನಿಮಿಷದಲ್ಲಿ ನೋವು ಇಳಿಯುತ್ತದೆ.

ಪ್ರಾಸ್ಟೇಟ್ ತೊಂದರೆಗೆ ನಾವು ಬರೆದುಕೊಡುವ ಟ್ಯಾಮ್ಸುಲೋಸಿನ್ ಮಾತ್ರೆ ಫಿನೈಲೆಫ್ರಿನ್‌ಗೆ ಉಲ್ಟಾ, ಅದೇ ಕುತ್ತಿಗೆಯ ಬಿಗಿ ಸಡಿಲಿಸುತ್ತದೆ. ಹೀಗೆ ಸಡಿಲವಾದಾಗ ಕೆಲವರಿಗೆ ವೀರ್ಯ ಕಡಿಮೆ ಬರುತ್ತದೆ, ಅಥವಾ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗಿ ಆಮೇಲೆ ಮೂತ್ರದ ಜೊತೆ ಹೊರಬರುತ್ತದೆ. ಅದರಿಂದ ಅಪಾಯ ಇಲ್ಲ. ಆದರೆ ಎಷ್ಟೋ ಜನ ನಾಚಿಕೆಯಿಂದ ಯಾರಿಗೂ ಹೇಳದೆ ಮಾತ್ರೆ ಬಿಟ್ಟುಬಿಡುತ್ತಾರೆ. ಬಿಡುವ ಮೊದಲು ನಿಮ್ಮ ಡಾಕ್ಟರಿಗೆ ಹೇಳಿ, ಬೇರೆ ಮಾತ್ರೆಗಳಿವೆ.