ಮೇಯ್ದು ಬಂದ ಕುದುರೆಯ ಮುಖ ಬಾತಾಗ

ಬೆಳಿಗ್ಗೆ ಲಾಯದಿಂದ ಹುಲ್ಲುಗಾವಲಿಗೆ ಬಿಟ್ಟಾಗ ಕುದುರೆಯ ಮುಖ ಎಂದಿನಂತೆಯೇ ಇರುತ್ತದೆ. ಮಧ್ಯಾಹ್ನ ನೋಡಲು ಹೋದರೆ ಗುರುತೇ ಸಿಗುವುದಿಲ್ಲ. ಕಿವಿಯ ಬುಡದಿಂದ ಗಂಟಲಿನವರೆಗೆ ಎರಡೂ ಕಡೆ ಉಬ್ಬಿ, ದವಡೆಗೂ ಕುತ್ತಿಗೆಗೂ ನಡುವಿನ ತಗ್ಗು ಮುಚ್ಚಿಹೋಗಿರುತ್ತದೆ. ಸಾಕಿದವರ ಎದೆ ಧಸಕ್ಕೆನ್ನುತ್ತದೆ. ಕುದುರೆ ಮಾತ್ರ ಏನೂ ಆಗಿಲ್ಲವೆಂಬಂತೆ ಹುಲ್ಲು ಕೀಳುತ್ತಲೇ ಇರುತ್ತದೆ. ಈ ನಿಶ್ಚಿಂತೆಯನ್ನು ಗಮನಿಸಿಕೊಳ್ಳಬೇಕು, ಏಕೆಂದರೆ ರೋಗವನ್ನು ಗುರುತಿಸುವಾಗ ಅದೂ ಒಂದು ಸಾಕ್ಷಿ.

ಉಬ್ಬಿದ್ದು ಪರೋಟಿಡ್ ಎಂಬ ಲಾಲಾಗ್ರಂಥಿ. ನಮಗೆ ಮಂಗನಬಾವು ಬಂದಾಗ ಊದಿಕೊಳ್ಳುವುದೂ ಇದೇ ಗ್ರಂಥಿ. ಮಂಗನಬಾವಿಗೆ ವೈರಸ್ ಕಾರಣ. ಕುದುರೆಯ ಈ ಊತದಲ್ಲಿ ಅಂಥ ಸೋಂಕೇನೂ ಇರುವುದಿಲ್ಲ. ಕುದುರೆಯ ಲಾಲಾಗ್ರಂಥಿಗಳಲ್ಲೆಲ್ಲ ಇದೇ ದೊಡ್ಡದು, ಉದ್ದ ಸುಮಾರು 20ರಿಂದ 25 ಸೆಂಟಿಮೀಟರ್. ಅದರ ಜೊಲ್ಲು ಒಂದು ನಾಳದಲ್ಲಿ ದವಡೆಯನ್ನು ಬಳಸಿ ಬಂದು ಕೆನ್ನೆಯ ಒಳಗೆ, ಮೇಲಿನ ಹಲ್ಲುಗಳ ಎದುರು ಸುರಿಯುತ್ತದೆ. ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸೆನ್ 1660ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಕೊಯ್ದು ನೋಡುತ್ತಿದ್ದಾಗ ಈ ನಾಳವನ್ನು ಕಂಡುಕೊಂಡ. ಒಳಗೆ ತೂರಿಸಿದ ಸಲಾಕೆ ಹಲ್ಲಿಗೆ ತಾಗಿದಾಗ ಅದು ಎಲ್ಲಿಗೆ ಹೋಗುತ್ತದೆಂದು ಅವನಿಗೆ ತಿಳಿಯಿತು. ವೈದ್ಯಶಾಸ್ತ್ರದಲ್ಲಿ ಇಂದಿಗೂ ಆ ನಾಳಕ್ಕೆ ಅವನದೇ ಹೆಸರು.

ಊಟದ ಸುಳಿವು ಸಿಕ್ಕಿದರೇ ನಾಯಿಯ ಬಾಯಲ್ಲಿ ನೀರೂರುತ್ತದೆ ಎಂಬುದು ಪಾವ್ಲೊವ್‌ನ ಪ್ರಯೋಗಗಳಿಂದ ಎಲ್ಲರಿಗೂ ಗೊತ್ತು. ಕುದುರೆಯ ಪರೋಟಿಡ್ ಗ್ರಂಥಿ ಹಾಗಲ್ಲ. ಮೇವನ್ನು ಎದುರಿಗೆ ಹಿಡಿದರೂ ಅದು ಸುಮ್ಮನಿರುತ್ತದೆ. ಹಲ್ಲು ಅರೆಯತೊಡಗಿದ ಮೇಲೆಯೇ ಜೊಲ್ಲು ಹರಿಯುತ್ತದೆ. ಬಯಲಿನಲ್ಲಿ ಸ್ವತಂತ್ರವಾಗಿ ಮೇಯುವ ಕುದುರೆ ದಿನದಲ್ಲಿ 16 ಗಂಟೆಯವರೆಗೂ ಹುಲ್ಲು ತಿನ್ನಬಲ್ಲದು. ಅಷ್ಟು ಹೊತ್ತೂ ಈ ಗ್ರಂಥಿಗೆ ಬಿಡುವಿಲ್ಲ. ದಿನಕ್ಕೆ ಹತ್ತಾರು ಲೀಟರ್ ಜೊಲ್ಲು ಬೇಕಾಗುತ್ತದೆ. ಲಾಯದಲ್ಲಿ ನಿಂತು ಹೊತ್ತು ಹೊತ್ತಿಗೆ ಮೇವು ತಿನ್ನುತ್ತಿದ್ದ ಕುದುರೆ ಒಮ್ಮೆಲೇ ಎಳೆಹುಲ್ಲಿನ ಬಯಲಿಗೆ ಬಿದ್ದಾಗ, ಕೆಲವದರಲ್ಲಿ ಗ್ರಂಥಿ ಹೀಗೆ ಬಾತುಕೊಳ್ಳುತ್ತದೆ. ಇಂಗ್ಲಿಷ್ ನಾಡಿನ ಕುದುರೆಗಾರರು ಇದನ್ನು ‘ಗ್ರಾಸ್ ಗ್ಲ್ಯಾಂಡ್ಸ್’ ಎನ್ನುತ್ತಾರೆ. ಹುಲ್ಲಿನಲ್ಲಿರುವ ಯಾವುದೋ ಅಂಶಕ್ಕೋ ಪರಾಗಕ್ಕೋ ದೇಹ ತೋರುವ ಅಲರ್ಜಿಯಂಥ ಪ್ರತಿಕ್ರಿಯೆ ಇದಿರಬಹುದೆಂಬ ಊಹೆ ಬಲವಾಗಿದೆ, ಸಿದ್ಧಪಟ್ಟಿಲ್ಲ. ಗುಣವಾಗುವ ಬಗೆ ಮಾತ್ರ ಸ್ಪಷ್ಟ: ಹುಲ್ಲಿನಿಂದ ಹೊರಗೆ ತಂದು ಲಾಯದಲ್ಲಿ ಕಟ್ಟಿದರೆ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಎಷ್ಟೋ ಸಲ ಬೆಳಗಾಗುವುದರೊಳಗೆ ಮಾಯವಾಗಿರುತ್ತದೆ. ಔಷಧ ಬೇಕಾಗುವುದು ಅಪರೂಪ.

ಮೇಯುವಾಗ ಬರುವ ಇನ್ನೊಂದು ಊತದ ಜಾಗವೇ ಬೇರೆ. ಅದು ಮೂತಿ, ತುಟಿ, ಕೆನ್ನೆ, ಗಲ್ಲದಡಿಗಳಲ್ಲಿ ತುಂಬಿಕೊಳ್ಳುತ್ತದೆ; ಮುಖ ನೀರಾನೆಯ ಮುಖದಂತೆ ದಪ್ಪವಾಗುತ್ತದೆ. ಇಲ್ಲಿ ಕಾರಣ ಗ್ರಂಥಿಯಲ್ಲ, ಭೂಮಿಯ ಸೆಳೆತ. ನೆಲದ ಹುಲ್ಲಿಗೆ ಬಾಯಿ ಹಾಕಿದ ಕುದುರೆಯ ಮೂತಿ ಅದರ ಹೃದಯಕ್ಕಿಂತ ಸುಮಾರು ಒಂದು ಮೀಟರ್ ಕೆಳಗಿರುತ್ತದೆ. ಅಷ್ಟು ಎತ್ತರದ ರಕ್ತದ ಕಂಬ ಮುಖದ ಸಣ್ಣ ನಾಳಗಳ ಮೇಲೆ ಹೇರುವ ಹೆಚ್ಚುವರಿ ಒತ್ತಡ, ನಾವು ಬಿಪಿ ಹೇಳುವ ಅಳತೆಯಲ್ಲಿ, 75ಕ್ಕೂ ಸ್ವಲ್ಪ ಹೆಚ್ಚು. ಆರೋಗ್ಯವಂತ ಮನುಷ್ಯನ ಬಿಪಿ 120/80 ಎನ್ನುವಾಗಿನ ಕೆಳಗಿನ ಅಂಕಿಗೆ ಇದು ಹತ್ತಿರ ಹತ್ತಿರ ಸಮ. ಆ ಒತ್ತಡಕ್ಕೆ ರಕ್ತದ ನೀರಿನಂಶ ನಾಳದ ಗೋಡೆಯಿಂದ ಒಸರಿ ಸುತ್ತಲಿನ ಅಂಗಾಂಶಕ್ಕೆ ಇಳಿಯುತ್ತದೆ. ಅದನ್ನು ಒಳಕ್ಕೆ ಹಿಡಿದಿಡುವುದು ರಕ್ತದಲ್ಲಿರುವ ಪ್ರೋಟೀನು, ಮುಖ್ಯವಾಗಿ ಅಲ್ಬುಮಿನ್. ಒಸರುವ ಒತ್ತಡಕ್ಕೂ ಹಿಡಿದಿಡುವ ಸೆಳೆತಕ್ಕೂ ನಡುವಿನ ಈ ಜಗ್ಗಾಟವನ್ನು 1896ರಲ್ಲಿ ವಿವರಿಸಿದ್ದು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಅರ್ನೆಸ್ಟ್ ಸ್ಟಾರ್ಲಿಂಗ್.

ಹಾಗಿದ್ದರೆ ಮೇಯುವ ಪ್ರತಿಯೊಂದು ಕುದುರೆಯ ಮುಖವೂ ಏಕೆ ಊದುವುದಿಲ್ಲ? ನನಗೆ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇಲ್ಲಿದೆ. ಕುದುರೆಯ ಕೆನ್ನೆಯಲ್ಲಿ, ಅಗಿಯುವ ದೊಡ್ಡ ಸ್ನಾಯುವಿನ ಅಡಿಯಲ್ಲಿ ಹಾದುಹೋಗುವ ಅಭಿಧಮನಿಗಳು ಅಲ್ಲಲ್ಲಿ ಅಗಲವಾಗಿ ಚೀಲದಂತೆ ಹಿಗ್ಗಿವೆ. ದವಡೆ ಅರೆದಾಗಲೆಲ್ಲ ಸ್ನಾಯು ಆ ಚೀಲಗಳನ್ನು ಹಿಂಡಿ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ತಳ್ಳುತ್ತದೆ ಎಂದು ಅಂಗರಚನಾಶಾಸ್ತ್ರಜ್ಞರು ವಿವರಿಸುತ್ತಾರೆ. ತಿನ್ನುವ ಕೆಲಸವೇ ಪಂಪು ಹೊಡೆಯುವ ಕೆಲಸವೂ ಆಯಿತು! ಜೊತೆಗೆ ಕುದುರೆ ನಾಲ್ಕು ಬಾಯಿ ಕಿತ್ತು ಒಂದು ಹೆಜ್ಜೆ ಇಡುತ್ತದೆ, ಆಗಾಗ ತಲೆಯೆತ್ತಿ ಸುತ್ತ ನೋಡುತ್ತದೆ. ಈ ಏರಿಳಿತ ತಪ್ಪಿದಾಗ ನೀರು ನಿಲ್ಲುತ್ತದೆ. ಮಂಪರಿನ ಚುಚ್ಚುಮದ್ದು ಪಡೆದು ತಲೆ ಜೋತುಹಾಕಿ ನಿಂತ ಕುದುರೆಯ ಮೂಗು, ತುಟಿ ಊದುವುದನ್ನು ಪಶುವೈದ್ಯರು ಚೆನ್ನಾಗಿ ಬಲ್ಲರು. ಅದಕ್ಕಾಗಿಯೇ ಅವರು ತಲೆಗೆ ಆಸರೆ ಕೊಟ್ಟು ಎತ್ತರದಲ್ಲಿಡುತ್ತಾರೆ. ಬೋಳು ಬಯಲಿನಲ್ಲಿ ಮೋಟು ಹುಲ್ಲಿಗಾಗಿ ತಾಸುಗಟ್ಟಲೆ ತಲೆಯೆತ್ತದೆ ನಿಂತ ಕುದುರೆಗೂ ಹೀಗಾಗಬಹುದು. ತಲೆಯೆತ್ತಿಸಿ ಸ್ವಲ್ಪ ನಡೆದಾಡಿಸಿದರೆ, ಮೇವನ್ನು ಎದೆಯ ಮಟ್ಟದಲ್ಲಿ ಕಟ್ಟಿದರೆ ಊತ ಇಳಿಯುತ್ತದೆ.

ಆದರೆ ಇದು ಮತ್ತೆ ಮತ್ತೆ ಬಂದರೆ, ಹೊಟ್ಟೆಯಡಿಗೂ ಕಾಲಿಗೂ ಇಳಿದರೆ, ತಪ್ಪು ತಲೆ ಬಗ್ಗಿಸಿದ್ದರಲ್ಲಿ ಇಲ್ಲ. ಹೊಟ್ಟೆಯಲ್ಲಿ ಜಂತುಹುಳು ಹೆಚ್ಚಿ, ಕರುಳಿನಿಂದ ಪ್ರೋಟೀನು ಸೋರಿಹೋಗುತ್ತಿರಬಹುದು. ಹಿಡಿದಿಡುವ ಅಲ್ಬುಮಿನ್ ಕಡಿಮೆಯಾದ ದೇಹದಲ್ಲಿ ತಗ್ಗಿನಲ್ಲಿರುವ ಭಾಗ ಮೊದಲು ತುಂಬಿಕೊಳ್ಳುತ್ತದೆ, ಮೇಯುವ ಕುದುರೆಯಲ್ಲಿ ಆ ತಗ್ಗಿನ ಭಾಗ ಮುಖವೇ. ಒಂದು ರಕ್ತಪರೀಕ್ಷೆಯಿಂದ ಇದು ಗೊತ್ತಾಗುತ್ತದೆ, ಅದನ್ನು ಮುಂದೂಡಬಾರದು.

ಎರಡು ಊತಗಳನ್ನು ಬೇರ್ಪಡಿಸಲು ಹೆಬ್ಬೆರಳು ಸಾಕು. ಕೆಲವು ಕ್ಷಣ ಒತ್ತಿ ತೆಗೆದಾಗ ಕುಳಿ ಉಳಿದರೆ ಅದು ನಿಂತ ನೀರು. ಕುಳಿ ಬೀಳದೆ ಕಿವಿಯಡಿ ಮಾತ್ರ ಉಬ್ಬಿದ್ದರೆ ಗ್ರಂಥಿ. ಎರಡರಲ್ಲೂ ಕುದುರೆ ನೋವು ತೋರಿಸುವುದಿಲ್ಲ, ಮೈ ಬಿಸಿಯಾಗಿರುವುದಿಲ್ಲ, ಮೇವು ಬಿಡುವುದಿಲ್ಲ.

ಮುಟ್ಟಿದರೆ ತಲೆ ಕೊಸರುವ, ಬಿಸಿಯಾದ, ಒಂದೇ ಕಡೆಯ ಊತಕ್ಕೆ ಈ ಸಮಾಧಾನ ಸಲ್ಲದು. ಹಲ್ಲಿನ ಬೇರಿನ ಕೀವು, ಜೊಲ್ಲುನಾಳದಲ್ಲಿ ಸಿಕ್ಕಿದ ಕಲ್ಲು, ಕಣಜದ ಕಡಿತ, ಹೀಗೆ ಕಾರಣ ಹಲವು. ದವಡೆಯ ನಡುವೆ ಗಂಟುಕಟ್ಟಿ, ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿ, ಮೂಗಿನಿಂದ ದಟ್ಟ ಕೀವು ಸುರಿದರೆ ಅದು ಸ್ಟ್ರ್ಯಾಂಗಲ್ಸ್ ಆಗಿರಬಹುದು. 1251ರಷ್ಟು ಹಿಂದೆಯೇ ಇಟಲಿಯ ಕುದುರೆವೈದ್ಯ ಜೋರ್ಡಾನಸ್ ರುಫಸ್ ಬರೆದಿಟ್ಟ ಈ ಬ್ಯಾಕ್ಟೀರಿಯಾ ರೋಗ ಒಂದೇ ನೀರಿನ ತೊಟ್ಟಿಯಿಂದ ಇಡೀ ಲಾಯಕ್ಕೆ ಹಬ್ಬಬಲ್ಲದು. ಕಣ್ಣಿನ ಮೇಲಿನ ಗುಳಿಗಳು ತುಂಬಿ ಹೊರಕ್ಕೆ ಉಬ್ಬಿದರೆ, ಸಣ್ಣ ನೊಣಗಳಿಂದ ಹರಡುವ ಆಫ್ರಿಕನ್ ಕುದುರೆ ರೋಗವನ್ನು ಶಂಕಿಸಬೇಕು.

ಎಲ್ಲಕ್ಕಿಂತ ತುರ್ತಿನದು ಹಾವಿನ ಕಡಿತ. ಹುಲ್ಲಿನಲ್ಲಿ ಸರಿದದ್ದೇನೆಂದು ಕುತೂಹಲದಿಂದ ಮೂಸಲು ಹೋಗುವ ಕುದುರೆಗೆ ಕಚ್ಚುವುದು ಮೂತಿಗೇ. ಕುದುರೆ ನಮ್ಮಂತೆ ಬಾಯಿಯಿಂದ ಉಸಿರಾಡಲಾರದು. ಮೂಗು ಮುಚ್ಚಿದರೆ ಉಸಿರು ಕಟ್ಟಿತೆಂದೇ ಅರ್ಥ. ಆಗ ಪಶುವೈದ್ಯರು ಊತ ಮುಚ್ಚಿಕೊಳ್ಳುವ ಮೊದಲೇ ಮೂಗಿನ ಹೊಳ್ಳೆಗಳಲ್ಲಿ ಕೊಳವೆ ಇಟ್ಟು ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. ಮೂಗಿನ ಸದ್ದು ಬದಲಾದರೆ, ಹೊಳ್ಳೆ ಕಿರಿದಾಗುತ್ತಿದ್ದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಊತ ಯಾವುದೇ ಇರಲಿ, ಮೊದಲು ಮುಖಕ್ಕೆ ಕಟ್ಟಿದ ಪಟ್ಟಿಯನ್ನು ಸಡಿಲಿಸಬೇಕು. ಬೆಳಿಗ್ಗೆ ಸರಿಯಾಗಿದ್ದ ಪಟ್ಟಿ ಸಂಜೆಗೆ ಬಿಗಿದು ಚರ್ಮದೊಳಕ್ಕೆ ಕಚ್ಚಿಕೊಂಡಿರುತ್ತದೆ. ಆಮೇಲೆ ಜ್ವರ ನೋಡಿ, ಎರಡೂ ಬದಿಯಿಂದ ಫೋಟೊ ತೆಗೆದು, ಗಂಟೆ ಬರೆದಿಟ್ಟುಕೊಳ್ಳಬೇಕು. ಗ್ರಂಥಿಯ ಊತ ಪಶುವೈದ್ಯರು ಬರುವುದರೊಳಗೆ ಇಳಿದುಹೋಗಿರಬಹುದು. ಆಗ ಅವರಿಗೆ ತೋರಿಸಲು ಆ ಫೋಟೊ ಒಂದೇ ಉಳಿದಿರುತ್ತದೆ.