ಪದ ಪರಿಚಯ: ಫ್ಯಾಕ್ಟ್

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ಬಂದರೆ ಖರೀದಿದಾರರು ಚೀಲ ನೋಡಿ ದರ ಕಟ್ಟುವುದಿಲ್ಲ. ಒಂದು ಹಿಡಿ ಕಾಳು ತೆಗೆದು ತೇವಾಂಶ ನೋಡುತ್ತಾರೆ, ದರದ ಮಾತು ಆಮೇಲೆ. ಹತ್ತಾರು ಸರ್ವರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಆನ್ಸಿಬಲ್, ಪಪೆಟ್, ಸಾಲ್ಟ್, ಶೆಫ್ ಕೂಡ ಕೆಲಸಕ್ಕೆ ಕೈ ಹಾಕುವ ಮುಂಚೆ ಹೀಗೇ ಮಾಡುತ್ತವೆ. ಯಾವ ಆಪರೇಟಿಂಗ್ ಸಿಸ್ಟಂ, ಎಷ್ಟನೇ ಆವೃತ್ತಿ, ರ‍್ಯಾಮ್ ಎಷ್ಟು, ಪ್ರೊಸೆಸರ್ ಎಷ್ಟು, ಐಪಿ ಯಾವುದು, ಡಿಸ್ಕ್ ಎಲ್ಲಿ ಮೌಂಟ್ ಆಗಿದೆ ಎಂದು ಆಯಾ ಯಂತ್ರದಿಂದಲೇ ತಿಳಿದುಕೊಳ್ಳುತ್ತವೆ. ಹೀಗೆ ಸಿಕ್ಕ ಒಂದೊಂದು ಮಾಹಿತಿಯೂ ಒಂದು ಫ್ಯಾಕ್ಟ್.

ವೇರಿಯಬಲ್‌ಗೂ ಫ್ಯಾಕ್ಟ್‌ಗೂ ಇರುವ ವ್ಯತ್ಯಾಸ ಇಷ್ಟೇ: ವೇರಿಯಬಲ್ ನೀವು ಫೈಲಿನಲ್ಲಿ ಬರೆದಿಟ್ಟದ್ದು, ಫ್ಯಾಕ್ಟ್ ಯಂತ್ರ ತಾನೇ ಹೇಳಿದ್ದು. ಬಳಸುವ ಜಾಗದಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಗೊಂದಲ ಹುಟ್ಟುವುದೂ ಅಲ್ಲೇ. ಕನ್ನಡದಲ್ಲಿ ಇದನ್ನು ‘ಸತ್ಯಾಂಶ’ ಎನ್ನುವುದಕ್ಕಿಂತ ‘ಅಳತೆ’ ಎನ್ನುವುದು ಸರಿ. ಯಾವಾಗ ಅಳೆದದ್ದು, ಯಾವ ವಿಧಾನದಿಂದ ಅಳೆದದ್ದು ಎಂಬುದರ ಮೇಲೆ ಫ್ಯಾಕ್ಟ್‌ನ ಬೆಲೆ ನಿಂತಿದೆ.

ಟೂಲ್ ಬದಲಾದರೆ ಹೆಸರೂ ಬದಲಾಗುತ್ತದೆ. ಆನ್ಸಿಬಲ್‌ನಲ್ಲಿ ಸೆಟಪ್ ಎಂಬ ಮಾಡ್ಯೂಲ್ ಫ್ಯಾಕ್ಟ್‌ಗಳನ್ನು ಕೂಡಿಹಾಕುತ್ತದೆ. ಬೇಡ ಎನ್ನದಿದ್ದರೆ ಪ್ರತಿ ಪ್ಲೇ (ಕೆಲವು ಯಂತ್ರಗಳ ಮೇಲೆ ಓಡಿಸುವ ಟಾಸ್ಕ್‌ಗಳ, ಅಂದರೆ ಕೆಲಸಗಳ, ಪಟ್ಟಿ) ಶುರುವಾಗುವಾಗ ತಾನಾಗಿ ಓಡುತ್ತದೆ. ಪಪೆಟ್‌ನಲ್ಲಿ ಆ ಕೆಲಸ ಫ್ಯಾಕ್ಟರ್‌ನದು, ಶೆಫ್‌ನಲ್ಲಿ ಒಹಾಯ್‌ನದು. ಸಾಲ್ಟ್‌ನವರು ಗ್ರೇನ್ಸ್ ಎನ್ನುತ್ತಾರೆ, ಉಪ್ಪಿನ ಹರಳು ಎಂಬ ಅರ್ಥದಲ್ಲಿ. ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಆನ್ಸಿಬಲ್‌ನವು. ಕಲಿಯಲು ಅದೇ ಸುಲಭ, ಎದುರಿನ ಯಂತ್ರದಲ್ಲಿ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ವ್ಯವಸ್ಥೆ) ಮತ್ತು ಪೈಥಾನ್ ಇದ್ದರೆ ಸಾಕು.

ಮೊದಲು ಕಣ್ಣಾರೆ ನೋಡಿ. ಆನ್ಸಿಬಲ್ ಕಮಾಂಡಿಗೆ ಒಂದು ಸರ್ವರ್‌ನ ಹೆಸರು ಕೊಟ್ಟು ಸೆಟಪ್ ಮಾಡ್ಯೂಲ್ ಓಡಿಸಿದರೆ ನೂರಾರು ಸಾಲಿನ ಜೇಸನ್ (ಹೆಸರು-ಮೌಲ್ಯ ಜೋಡಿಗಳ ಪಠ್ಯ) ಬಂದು ಬೀಳುತ್ತದೆ. ಅಷ್ಟನ್ನೂ ಓದುವ ಅಗತ್ಯವಿಲ್ಲ. ಫಿಲ್ಟರ್ ಆಯ್ಕೆಯಲ್ಲಿ ಬೇಕಾದ ಹೆಸರಿನ ಮೊದಲ ಭಾಗ ಬರೆದು ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಅಷ್ಟೇ ಬರುತ್ತದೆ. ಯಾವ ಫ್ಯಾಕ್ಟ್ ಬಳಸುವ ಮುಂಚೆಯೂ ಅದು ನಿಮ್ಮ ಯಂತ್ರಗಳಲ್ಲಿ ಏನೆಂದು ಬರುತ್ತದೆ ಎಂದು ಹೀಗೆ ನೋಡಿಕೊಳ್ಳಿ. ಊಹೆಯ ಮೇಲೆ ಬರೆದ ಷರತ್ತುಗಳೇ ಕೈಕೊಡುವುದು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆಯಲ್ಲಿ ಮುಖ್ಯ ಕಚೇರಿ, ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯಲ್ಲಿ ಶಾಖೆ ಇರುವ ಒಂದು ಸಹಕಾರಿ ಸಂಘ. ಮುಖ್ಯ ಕಚೇರಿಯ ಯಂತ್ರಗಳಲ್ಲಿ ರಾಕಿ ಲಿನಕ್ಸ್ 9, ಶಾಖೆಗಳಲ್ಲಿ ಉಬುಂಟು 22.04. ಅಪಾಚೆ ವೆಬ್ ಸರ್ವರ್‌ನ ಪ್ಯಾಕೇಜಿನ ಹೆಸರು ರಾಕಿಯಲ್ಲಿ ‘ಎಚ್‌ಟಿಟಿಪಿಡಿ’, ಉಬುಂಟುವಿನಲ್ಲಿ ‘ಅಪಾಚೆ2’. ಇಲ್ಲಿ ಡಿಸ್ಟ್ರಿಬ್ಯೂಷನ್ ಫ್ಯಾಕ್ಟ್ ಹಿಡಿದು ರಾಕಿ, ಆಲ್ಮಾ, ಉಬುಂಟು ಎಂದು ಒಂದೊಂದಕ್ಕೂ ಷರತ್ತು ಬರೆಯಬೇಡಿ. ಓಎಸ್ ಫ್ಯಾಮಿಲಿ ಎಂಬ ಫ್ಯಾಕ್ಟ್ ಇದೆ: ರಾಕಿಗೆ ‘ರೆಡ್‌ಹ್ಯಾಟ್’, ಉಬುಂಟುಗೆ ‘ಡೆಬಿಯನ್’ ಎನ್ನುತ್ತದೆ. ಆ ಎರಡು ಹೆಸರಿನ ಎರಡು ವೇರಿಯಬಲ್ ಫೈಲ್ ಮಾಡಿ, ಫ್ಯಾಕ್ಟ್‌ಗೆ ತಕ್ಕ ಫೈಲನ್ನು ಎಳೆದುಕೊಂಡರೆ ಟಾಸ್ಕ್‌ಗಳಲ್ಲಿ ಷರತ್ತೇ ಬೇಕಾಗುವುದಿಲ್ಲ. ಆವೃತ್ತಿ ಹೋಲಿಸುವಾಗ ಮಾತ್ರ ಎಚ್ಚರ: ಮೇಜರ್ ವರ್ಷನ್ ಬರುವುದು ಅಂಕಿಯಾಗಿ ಅಲ್ಲ, ಅಕ್ಷರಗಳಾಗಿ. ಅದನ್ನು 9 ಎಂಬ ಅಂಕಿಗೆ ಸಮವೇ ಎಂದು ಕೇಳಿದರೆ ಎಂದೂ ‘ಹೌದು’ ಬರುವುದಿಲ್ಲ, ದೋಷವನ್ನೂ ತೋರಿಸುವುದಿಲ್ಲ. ಟಾಸ್ಕ್ ಸದ್ದಿಲ್ಲದೆ ಸ್ಕಿಪ್ ಆಗುತ್ತದೆ. ಅಕ್ಷರವನ್ನು ಅಂಕಿಯಾಗಿಸುವ ಇಂಟ್ ಫಿಲ್ಟರ್ ಹಾಕಿ, ಇಲ್ಲವೇ ವರ್ಷನ್ ಟೆಸ್ಟ್ ಬಳಸಿ.

ಹೆಚ್ಚು ಉಪಯೋಗಕ್ಕೆ ಬರುವುದೂ ಹೆಚ್ಚು ಕಾಡುವುದೂ ಮೆಮೊರಿಯ ಫ್ಯಾಕ್ಟ್. ಮೆಮ್‌ಟೋಟಲ್ ಎಂಬಿ ಎನ್ನುವ ಇದು ಒಟ್ಟು ರ‍್ಯಾಮನ್ನು ಎಂಬಿ ಲೆಕ್ಕದಲ್ಲಿ ಕೊಡುತ್ತದೆ. 8 ಜಿಬಿ ಯಂತ್ರ ಎಂದರೆ 8,192 ಬರಬೇಕು ಎಂದುಕೊಳ್ಳುತ್ತೇವೆ, ಬರುವುದು 7,800ರ ಆಸುಪಾಸು. ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ತನಗೆಂದು ಎತ್ತಿಟ್ಟುಕೊಂಡದ್ದನ್ನು ಬಿಟ್ಟು ಉಳಿದದ್ದನ್ನೇ ಲಿನಕ್ಸ್ ಒಟ್ಟು ಎನ್ನುತ್ತದೆ. ಕ್ರ್ಯಾಶ್ ಡಂಪ್‌ಗೆ ಜಾಗ ಮೀಸಲಿಟ್ಟಿದ್ದರೆ ಇನ್ನೂ ಕಮ್ಮಿ. ಹಾಗಾಗಿ ‘8,192 ಅಥವಾ ಹೆಚ್ಚು ಇದ್ದರೆ’ ಎಂಬ ಷರತ್ತು 8 ಜಿಬಿ ಯಂತ್ರದಲ್ಲಿ ಎಂದೂ ದಾಟುವುದಿಲ್ಲ. 7,500 ಎಂದು ಬರೆಯಿರಿ.

ಈಗ ಅದೇ ಫ್ಯಾಕ್ಟ್‌ನಿಂದ ಮೈಎಸ್‌ಕ್ಯೂಎಲ್ ಡೇಟಾಬೇಸಿನ ಬಫರ್ ಪೂಲ್ (ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಗಾತ್ರ ತೆಗೆಯೋಣ. ಯಂತ್ರದಲ್ಲಿ ಡೇಟಾಬೇಸ್ ಒಂದೇ ಇದ್ದು, ಒಟ್ಟು ಮೆಮೊರಿಯ 60 ಶೇಕಡಾ ಕೊಡುವುದೆಂದರೆ 7,812ಕ್ಕೆ 4,687 ಎಂಬಿ. ಟೆಂಪ್ಲೇಟ್‌ನಲ್ಲಿ (ಯಂತ್ರಕ್ಕೆ ತಕ್ಕಂತೆ ತುಂಬಿಕೊಳ್ಳುವ ಮಾದರಿ ಫೈಲಿನಲ್ಲಿ) ಈ ಗುಣಾಕಾರ ಬರೆದಿಟ್ಟರೆ 2 ಜಿಬಿಯ ಶಾಖೆ ಯಂತ್ರಕ್ಕೂ 16 ಜಿಬಿಯ ಮುಖ್ಯ ಯಂತ್ರಕ್ಕೂ ಒಂದೇ ಫೈಲ್ ಸಾಕು. ಇಲ್ಲಿಯವರೆಗೆ ಚೆಂದ. ತಿಂಗಳ ನಂತರ ಕರ್ನಲ್ ಅಪ್‌ಡೇಟ್ ಆಗಿ ಯಂತ್ರ ರೀಬೂಟ್ ಆಗುತ್ತದೆ. ಹೊಸ ಕರ್ನಲ್ ಸ್ವಲ್ಪ ಹೆಚ್ಚು ಎತ್ತಿಟ್ಟುಕೊಂಡು ಒಟ್ಟು 7,804 ಎನ್ನುತ್ತದೆ. ಲೆಕ್ಕ 4,682ಕ್ಕೆ ಇಳಿಯುತ್ತದೆ. ಮರುದಿನ ಮಧ್ಯಾಹ್ನ ಬೇರೇನೋ ಸಣ್ಣ ಬದಲಾವಣೆಗೆ ಪ್ಲೇಬುಕ್ (ಪ್ಲೇಗಳನ್ನು ಬರೆದಿಟ್ಟ ಫೈಲ್) ಓಡಿಸಿದಾಗ ಕಾನ್ಫಿಗರೇಶನ್ ಫೈಲ್ ಬದಲಾಗಿದೆ ಎಂದು ಹ್ಯಾಂಡ್ಲರ್ (ಏನಾದರೂ ಬದಲಾದಾಗ ಮಾತ್ರ ಓಡುವ ಟಾಸ್ಕ್) ಎದ್ದು ಡೇಟಾಬೇಸನ್ನು ರೀಸ್ಟಾರ್ಟ್ ಮಾಡುತ್ತದೆ, ಕೌಂಟರ್‌ನಲ್ಲಿ ಜನ ನಿಂತಿರುವಾಗಲೇ. 5 ಎಂಬಿ ವ್ಯತ್ಯಾಸಕ್ಕೆ ಇಷ್ಟು ಅನಾಹುತ. ಪರಿಹಾರ ಸುಲಭ: ಲೆಕ್ಕವನ್ನು 256ರ ಗುಣಕಕ್ಕೆ ಕೆಳಗಿಳಿಸಿ. 4,687 ಆದರೂ 4,682 ಆದರೂ 4,608ಕ್ಕೇ ನಿಲ್ಲುತ್ತದೆ. ಗುಣಕದ ಗಡಿಯಲ್ಲೇ ಕೂತ ಯಂತ್ರವಿದ್ದರೆ ಅದಕ್ಕೆ ಮಾತ್ರ ಗಾತ್ರವನ್ನು ಕೈಯಾರೆ ಬರೆಯಿರಿ. ಓಡಿಸುವ ಮುಂಚೆ ಚೆಕ್ (ಬದಲಿಸದೆ ಪರೀಕ್ಷಿಸುವ) ಮತ್ತು ಡಿಫ್ (ವ್ಯತ್ಯಾಸ ತೋರಿಸುವ) ಆಯ್ಕೆಗಳಲ್ಲಿ ಒಮ್ಮೆ ನೋಡುವ ರೂಢಿಯನ್ನಂತೂ ಬಿಡಬೇಡಿ.

ಐಪಿ ವಿಳಾಸದ್ದು ಇನ್ನೊಂದು ಕಥೆ. ಡೀಫಾಲ್ಟ್ ಐಪಿವಿ4 ಎಂಬ ಫ್ಯಾಕ್ಟ್ ಹೆಸರು ಕೇಳಿ ‘ಇದೇ ಈ ಸರ್ವರ್‌ನ ಐಪಿ’ ಎಂದು ನಂಬುತ್ತೇವೆ. ಅದು ನಿಜವಾಗಿ ಮಾಡುವುದು ಬೇರೆ: ಇಂಟರ್ನೆಟ್‌ನಲ್ಲಿರುವ 8.8.8.8 ಎಂಬ ವಿಳಾಸಕ್ಕೆ ಹೋಗಬೇಕಾದರೆ ಯಾವ ದಾರಿ ಎಂದು ಕರ್ನಲ್‌ನ ರೂಟ್ ಪಟ್ಟಿಯನ್ನು ಕೇಳಿ, ಆ ದಾರಿಯ ವಿಳಾಸ ಹೇಳುತ್ತದೆ. ಹೊರಗೆ ಯಾವ ಪ್ಯಾಕೆಟ್ಟೂ ಹೋಗುವುದಿಲ್ಲ, ಕೇಳುವುದಷ್ಟೇ. ಎರಡು ನೆಟ್‌ವರ್ಕ್ ಕಾರ್ಡ್ ಇದ್ದು ಒಂದು ಇಂಟರ್ನೆಟ್ ಕಡೆಗೆ, ಇನ್ನೊಂದು ಶಾಖೆಗಳ ಕಡೆಗೆ ಇದ್ದರೆ ಸಿಗುವುದು ಇಂಟರ್ನೆಟ್ ಕಡೆಯದು. ಅದನ್ನೇ ಡೇಟಾಬೇಸ್ ಕೇಳಿಸಿಕೊಳ್ಳುವ ವಿಳಾಸವೆಂದು ಬರೆದರೆ ಒಳಗಿನವರಿಗೆ ಬಾಗಿಲು ಮುಚ್ಚಿ ಹೊರಗಿನವರಿಗೆ ತೆರೆದಂತಾಗುತ್ತದೆ. ಗೇಟ್‌ವೇ ಇಲ್ಲದ ಯಂತ್ರದಲ್ಲಿ ಈ ಫ್ಯಾಕ್ಟ್ ಖಾಲಿ ಬರುತ್ತದೆ, ಅಡ್ರೆಸ್ ಕೇಳಿದ ಕೂಡಲೇ ಪ್ಲೇಬುಕ್ ನಿಲ್ಲುತ್ತದೆ. ‘ಐಪಿ’ ಕಮಾಂಡ್ ಇಲ್ಲದ ಚಿಕ್ಕ ಕಂಟೈನರ್‌ಗಳಲ್ಲೂ ಇದೇ ಪಾಡು. ಎಲ್ಲ ಐಪಿವಿ4 ವಿಳಾಸಗಳ ಪಟ್ಟಿಯ ಫ್ಯಾಕ್ಟ್ ಬೇರೆ ಇದೆ, ಅದರಿಂದ 10.20ರಲ್ಲಿ ಶುರುವಾಗುವಂಥ ನಿಮ್ಮ ಒಳ ನೆಟ್‌ವರ್ಕಿನದನ್ನು ಆರಿಸಿಕೊಳ್ಳುವುದು ಭದ್ರ.

ಹಳತಾದ ಅಳತೆಯ ತೊಂದರೆ ಪ್ಲೇಬುಕ್‌ನ ಒಳಗೂ ಇದೆ. ಫ್ಯಾಕ್ಟ್ ಕೂಡಿಹಾಕುವುದು ಪ್ರತಿ ಪ್ಲೇಯ ಶುರುವಿನಲ್ಲಿ ಒಂದೇ ಸಲ. ನಡುವೆ ಹೊಸ ಡಿಸ್ಕ್ ಮೌಂಟ್ ಮಾಡಿದರೂ ನೆಟ್‌ವರ್ಕ್ ಬದಲಿಸಿದರೂ ಮುಂದಿನ ಟಾಸ್ಕ್‌ಗಳಿಗೆ ಹಳೆಯದೇ ಕಾಣುತ್ತದೆ, ಸೆಟಪ್ ಮಾಡ್ಯೂಲನ್ನು ಮತ್ತೆ ಕರೆಯಬೇಕು. ಸಾಲ್ಟ್‌ನಲ್ಲಿ ಗ್ರೇನ್ಸ್ ಲೋಡ್ ಆಗುವುದು ಮಿನಿಯನ್ (ಆಯಾ ಯಂತ್ರದಲ್ಲಿರುವ ಸಾಲ್ಟ್‌ನ ಪ್ರೋಗ್ರಾಂ) ಶುರುವಾಗುವಾಗ, ಆದ್ದರಿಂದ ಅಲ್ಲೂ ರಿಫ್ರೆಶ್ ಬೇಕು. ಇನ್ನು ಕ್ಯಾಶ್: ಫ್ಯಾಕ್ಟ್‌ಗಳನ್ನು ಜೇಸನ್ ಫೈಲಿನಲ್ಲೋ ರೆಡಿಸ್ ಡೇಟಾಬೇಸಿನಲ್ಲೋ ಉಳಿಸಿಟ್ಟರೆ ಪ್ಲೇಬುಕ್ ಚುರುಕಾಗುತ್ತದೆ, ಆದರೆ ಆನ್ಸಿಬಲ್‌ನ ಮೂಲ ಅವಧಿ 86,400 ಸೆಕೆಂಡ್, ಅಂದರೆ ಒಂದು ಇಡೀ ದಿನ ಹಳೆಯ ಅಳತೆಯೇ ಸಿಗಬಹುದು.

ಕ್ಯಾಶ್ ನಿಜವಾಗಿ ನೆರವಿಗೆ ಬರುವ ಜಾಗವೂ ಒಂದಿದೆ. ವೆಬ್ ಸರ್ವರ್‌ನ ಟೆಂಪ್ಲೇಟ್‌ಗೆ ಡೇಟಾಬೇಸ್ ಯಂತ್ರದ ಐಪಿ ಬೇಕು. ಹೋಸ್ಟ್‌ವಾರ್ಸ್ (ಬೇರೆ ಯಂತ್ರಗಳ ಫ್ಯಾಕ್ಟ್, ವೇರಿಯಬಲ್ ಓದುವ ದಾರಿ) ಮೂಲಕ ಆ ಯಂತ್ರದ ಫ್ಯಾಕ್ಟ್ ಓದುತ್ತೀರಿ. ಲಿಮಿಟ್ ಆಯ್ಕೆ ಕೊಟ್ಟು ವೆಬ್ ಸರ್ವರ್ ಒಂದರ ಮೇಲೇ ಓಡಿಸಿದಿರೋ, ಡೇಟಾಬೇಸ್ ಯಂತ್ರವನ್ನು ಯಾರೂ ಅಳೆದಿರುವುದೇ ಇಲ್ಲ. ‘ವೇರಿಯಬಲ್ ಇಲ್ಲ’ ಎಂಬ ದೋಷ ಬರುತ್ತದೆ. ಕ್ಯಾಶ್ ಇದ್ದರೆ ಹಿಂದಿನ ಅಳತೆ ಸಿಗುತ್ತದೆ.

ಶಾಖೆಗೆ ಹೋಗುವ ಲಿಂಕ್ ನಿಧಾನವಿದ್ದಾಗ, ಅಥವಾ ಎದ್ದೇಳದ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಹಂಚಿಕೊಂಡ ಡಿಸ್ಕ್) ಮೌಂಟ್ ಒಂದರ ಮುಂದೆ ಫ್ಯಾಕ್ಟ್ ಸಂಗ್ರಹ ಕಾದು ಕೂತಾಗ, ಗ್ಯಾದರ್ ಸಬ್‌ಸೆಟ್ ಆಯ್ಕೆಯಲ್ಲಿ ಹಾರ್ಡ್‌ವೇರ್ ಭಾಗವನ್ನು ಕೈಬಿಡಬಹುದು. ಮೆಮೊರಿಯ ಫ್ಯಾಕ್ಟ್ ಕೂಡ ಅದೇ ಭಾಗದಲ್ಲಿದೆ ಎಂಬುದು ನೆನಪಿರಲಿ.

ಯಂತ್ರ ತಾನಾಗಿ ಹೇಳಲಾರದ್ದೂ ಇರುತ್ತದೆ: ಇದು ಯಾವ ಶಾಖೆ, ಏನು ಕೆಲಸ. ಅದಕ್ಕೆ ಲೋಕಲ್ ಫ್ಯಾಕ್ಟ್. ಲಿನಕ್ಸ್‌ನ ಸೆಟ್ಟಿಂಗ್‌ಗಳಿರುವ ಎಟ್‌ಸೀಯಲ್ಲಿ ಆನ್ಸಿಬಲ್ ಫೋಲ್ಡರ್, ಅದರೊಳಗೆ ‘ಫ್ಯಾಕ್ಟ್ಸ್ ಡಾಟ್ ಡಿ’ ಫೋಲ್ಡರ್ ಮಾಡಿ, ‘ಡಾಟ್ ಫ್ಯಾಕ್ಟ್’ ಎಂದು ಮುಗಿಯುವ ಫೈಲಿನಲ್ಲಿ ಶಾಖೆಯ ಹೆಸರನ್ನು ಐಎನ್‌ಐ (‘ಕೀ=ಮೌಲ್ಯ’ ಸಾಲುಗಳ) ಅಥವಾ ಜೇಸನ್ ರೂಪದಲ್ಲಿ ಬರೆಯಿರಿ. ಐಎನ್‌ಐ ಆದರೆ ಕೀಗಳೆಲ್ಲ ಇಂಗ್ಲಿಷಿನ ಸಣ್ಣ ಅಕ್ಷರಕ್ಕೆ ತಿರುಗುತ್ತವೆ. ಬರೀ ಮಾಹಿತಿಯ ಫೈಲಿಗೆ ಎಕ್ಸಿಕ್ಯೂಟ್ ಅನುಮತಿ ಕೊಟ್ಟುಬಿಟ್ಟರೆ ಆನ್ಸಿಬಲ್ ಅದನ್ನು ಓದುವ ಬದಲು ಓಡಿಸಲು ಹೋಗಿ ಎಡವುತ್ತದೆ, ಅನುಮತಿ 0644 (ಎಕ್ಸಿಕ್ಯೂಟ್ ಇಲ್ಲದ್ದು) ಇರಲಿ.

ಯಂತ್ರದ ಮಾತನ್ನು ಎಷ್ಟು ನಂಬಬಹುದು ಎಂಬುದಕ್ಕೂ ಮಿತಿ ಇದೆ. ಶಾಖೆಯ ಯಂತ್ರದಲ್ಲಿ ರೂಟ್ ಖಾತೆ (ಪೂರ್ಣ ಅಧಿಕಾರದ ಖಾತೆ) ಹಿಡಿದವರು ಅದರ ಫ್ಯಾಕ್ಟನ್ನೂ ತಿದ್ದಬಲ್ಲರು. ‘ನಾನು ಡೇಟಾಬೇಸ್’ ಎಂದು ಗ್ರೇನ್ ಬರೆದುಕೊಂಡ ಮಿನಿಯನ್‌ಗೆಲ್ಲ ಪಿಲ್ಲರ್‌ನಿಂದ (ಸಾಲ್ಟ್ ಗುಟ್ಟಿನ ಮಾಹಿತಿ ಹಂಚುವ ಜಾಗ) ಡೇಟಾಬೇಸ್ ಪಾಸ್‌ವರ್ಡ್ ಕೊಡುವ ನಿಯಮವಿದ್ದರೆ, ಕೈತಪ್ಪಿದ ಒಂದು ಯಂತ್ರ ಆ ಪಾಸ್‌ವರ್ಡನ್ನು ಕೇಳಿ ಪಡೆಯುತ್ತದೆ. ಪ್ಯಾಕೇಜಿನ ಹೆಸರು, ಬಫರ್ ಗಾತ್ರ ಇವನ್ನು ಫ್ಯಾಕ್ಟ್ ನಿರ್ಧರಿಸಲಿ. ಗುಟ್ಟು ಯಾರಿಗೆ ಎಂಬುದನ್ನು ಸಾಲ್ಟ್‌ನಲ್ಲಿ ಮಿನಿಯನ್ ಐಡಿ, ಪಪೆಟ್‌ನಲ್ಲಿ ಸರ್ಟಿಫಿಕೇಟಿನಿಂದ ಬರುವ ಟ್ರಸ್ಟೆಡ್ ಫ್ಯಾಕ್ಟ್, ಆನ್ಸಿಬಲ್‌ನಲ್ಲಿ ನಿಮ್ಮ ಕೈಯಲ್ಲೇ ಇರುವ ಇನ್ವೆಂಟರಿಯ (ಯಂತ್ರಗಳ ಪಟ್ಟಿಯ) ಗುಂಪು ನೋಡಿ ನಿರ್ಧರಿಸಿ.