8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಇಡೀ ಆರ್ಕೆಸ್ಟ್ರಾ ಕೂರುತ್ತಾ?

ಪ್ರಶ್ನೆ: ಸರ್, ನಾನು ಜಮಖಂಡಿಯವ. ನಾಟಕಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತೇನೆ. ನನ್ನದು 8 ಜಿಬಿ ರ‍್ಯಾಮ್ ಇರುವ ವಿಂಡೋಸ್ ಲ್ಯಾಪ್‌ಟಾಪ್. ಕಾಂಟ್ಯಾಕ್ಟ್ ಅನ್ನುವ ಸ್ಯಾಂಪ್ಲರ್ ಸಾಫ್ಟ್‌ವೇರ್‌ನಲ್ಲಿ ವಯೊಲಿನ್, ಚೆಲ್ಲೋ ಹಾಕುವ ತನಕ ಎಲ್ಲ ಸರಿ. ಹಾರ್ನ್, ಡ್ರಮ್ ಸೇರಿಸಿದ ಕೂಡಲೇ ಪಟಪಟ ಅಂತ ಸದ್ದು ಒಡೆಯುತ್ತದೆ. ಅಂಗಡಿಯವರು ಹೊಸದು ತಗೊಳ್ಳಿ ಅಂತಾರೆ. ತಗೊಳ್ಳಲೇ ಬೇಕಾ?

ತಡೀರಿ, ದುಡ್ಡು ಜೇಬಲ್ಲೇ ಇರಲಿ. ನಾನು ಇದೇ ಮಾತು ನಂಬಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹಳೇದು ಕೊಟ್ಟು 16 ಜಿಬಿಯ ಹೊಸ ಲ್ಯಾಪ್‌ಟಾಪ್ ತಂದೆ. ವಿಜಯಪುರಕ್ಕೆ ಬಂದು, ವಾದ್ಯಗಳ ಸದ್ದಿನ ಲೈಬ್ರರಿ ಹಾಕಿ, ಪ್ಲೇ ಒತ್ತಿದೆ. ಅದೇ ಪಟಪಟ! ರ‍್ಯಾಮ್ ದುಪ್ಪಟ್ಟಾಗಿತ್ತು, ಆದರೆ ಒಳಗಿದ್ದದ್ದು ತಿರುಗುವ ಹಾರ್ಡ್ ಡಿಸ್ಕ್. ನನ್ನ ರೋಗ ಇದ್ದದ್ದೇ ಅಲ್ಲಿ.

ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣಪತಿ ಹಬ್ಬದಲ್ಲಿ ಸಿನಿಮಾ ಹಾಡು ಹಾಡುವ ತಂಡ. ಸ್ಯಾಂಪ್ಲರ್‌ನ ಆರ್ಕೆಸ್ಟ್ರಾ ಬೇರೆ. ಅಲ್ಲಿ ಕಂಪ್ಯೂಟರ್ ಸದ್ದು ಹುಟ್ಟಿಸುವುದಿಲ್ಲ. ನಿಜವಾದ ವಾದಕರು ನುಡಿಸಿದ ಒಂದೊಂದು ಸ್ವರವನ್ನೂ ಬೇರೆ ಬೇರೆ ಫೈಲ್ ಮಾಡಿ ಇಟ್ಟಿರುತ್ತಾರೆ. ನೀವು ಕೀ ಒತ್ತಿದರೆ ಆ ಫೈಲ್ ಓಡುತ್ತದೆ, ಅಷ್ಟೇ.

ಅಷ್ಟೇ ಅಂದೆ, ಆದರೆ ಲೆಕ್ಕ ನೋಡಿ. ವಯೊಲಿನ್‌ಗೆ 40 ಸ್ವರ ಅಂದುಕೊಳ್ಳಿ. ಮೆಲ್ಲಗೆ, ಜೋರಾಗಿ ಅಂತ 4 ಮಟ್ಟ. ಒಂದೇ ಸ್ವರ ಮತ್ತೆ ಮತ್ತೆ ಬಂದಾಗ ಮಷಿನ್ ಥರ ಕೇಳಬಾರದೆಂದು ಪ್ರತಿಯೊಂದನ್ನೂ 4 ಸಲ ನುಡಿಸಿರುತ್ತಾರೆ. ಹತ್ತಿರ, ನಡುವೆ, ದೂರ ಅಂತ 3 ಮೈಕು. ಗುಣಿಸಿದರೆ 1,920 ಫೈಲ್. ಇದು ಒಂದೇ ಬಗೆಯ ನುಡಿಸಾಣಿಕೆಗೆ! ಬಿಬಿಸಿ ಸಿಂಫನಿ ಆರ್ಕೆಸ್ಟ್ರಾವನ್ನು ಲಂಡನ್ನಿನ ಮೇಡಾ ವೇಲ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿ ಸ್ಪಿಟ್‌ಫೈರ್ ಕಂಪನಿ 2019ರಲ್ಲಿ ಲೈಬ್ರರಿ ತಂದಿತು. ಅದರ ದೊಡ್ಡ ಆವೃತ್ತಿ ಸುಮಾರು 600 ಜಿಬಿ. ಚಿಕ್ಕದು, ಡಿಸ್ಕವರ್ ಅನ್ನುವುದು, ಸುಮಾರು 200 ಎಂಬಿ ಮಾತ್ರ.

600 ಜಿಬಿ 8 ಜಿಬಿಯಲ್ಲಿ ಕೂರುವುದಿಲ್ಲ, ಕೂರುವ ಅಗತ್ಯವೂ ಇಲ್ಲ. ಕಾಂಟ್ಯಾಕ್ಟ್‌ನಂಥ ಸ್ಯಾಂಪ್ಲರ್ ಪ್ರತಿ ಫೈಲಿನ ತಲೆಯನ್ನಷ್ಟೇ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ಕೀ ಒತ್ತಿದಾಗ ಮೊದಲು ಆ ತುಂಡು ಕೇಳಿಸುತ್ತದೆ. ಅದು ಮುಗಿಯುವಷ್ಟರಲ್ಲಿ ಉಳಿದದ್ದನ್ನು ಡಿಸ್ಕ್‌ನಿಂದ ತರುತ್ತದೆ. ಕಿರಾಣಿ ಅಂಗಡಿಯವರು ಎಲ್ಲದರದ್ದೂ ಸ್ವಲ್ಪ ಸ್ವಲ್ಪ ಮುಂದೆ ಇಟ್ಟುಕೊಂಡು, ಜಾಸ್ತಿ ಬೇಕಾದಾಗ ಹುಡುಗನನ್ನು ಗೋದಾಮಿಗೆ ಓಡಿಸುತ್ತಾರಲ್ಲ, ಹಾಗೆ.

ಹುಡುಗ ತಡಮಾಡಿದರೆ ಪಟ್ ಅನ್ನುತ್ತದೆ. 24 ಬಿಟ್, 48 ಕಿಲೋಹರ್ಟ್ಜ್ ಸ್ಟೀರಿಯೋ ಸದ್ದಿಗೆ ಸೆಕೆಂಡಿಗೆ 288 ಕೆಬಿ ಬೇಕು. ಏಕಕಾಲಕ್ಕೆ 100 ಸದ್ದು ಓಡಿದರೂ 29 ಎಂಬಿ ಆಗಲಿಲ್ಲ. ಇಷ್ಟನ್ನು ಹಾರ್ಡ್ ಡಿಸ್ಕ್ ಕೊಡಲಾರದೇ? ಒಂದೇ ಕಡೆಯಿಂದ ಆದರೆ ಕೊಡುತ್ತದೆ. ಆದರೆ ಇವು ನೂರು ಕಡೆ ಇರುವ ಫೈಲುಗಳು. ಪ್ರತಿ ಸಲ ಡಿಸ್ಕಿನ ಮುಳ್ಳು ಅಲ್ಲಿಂದಿಲ್ಲಿಗೆ ಸರಿಯಬೇಕು, ಒಂದೊಂದು ಸರಿತಕ್ಕೂ 10 ಮಿಲಿಸೆಕೆಂಡಿನ ಹತ್ತಿರ ಹೋಗುತ್ತದೆ. ಚಿಪ್‌ನಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಯಲ್ಲಿ ಮುಳ್ಳೇ ಇಲ್ಲ.

100 ಸದ್ದು ಎಲ್ಲಿಂದ ಬಂತು, ನಾನು ಒತ್ತಿದ್ದು ನಾಲ್ಕು ಕೀ ಅಂತೀರಾ? ಗೋಲಗುಮ್ಮಟದಲ್ಲಿ ಚಪ್ಪಾಳೆ ಹೊಡೆದು ಕೈ ಇಳಿಸಿದ ಮೇಲೂ ಸದ್ದು ಸುತ್ತುತ್ತಲೇ ಇರುತ್ತದೆ, ಅಲ್ವಾ? ಇಲ್ಲೂ ಹಾಗೇ. ನೀವು ಕೀ ಬಿಟ್ಟರೂ ಹಾಲ್‌ನಲ್ಲಿ ಉಳಿದ ಮೊಳಗು ಬೇರೆ ಫೈಲಾಗಿ ಓಡುತ್ತಿರುತ್ತದೆ. ಅದನ್ನು 3 ಮೈಕಿಗೆ ಗುಣಿಸಿ. ಅದಕ್ಕೇ ನಾನು ಮೊದಲು ಮಾಡುವ ಕೆಲಸ, ಒಂದು ಮೈಕ್ ಬಿಟ್ಟು ಉಳಿದವನ್ನು ಆಫ್ ಮಾಡುವುದು. ನಾಟಕದ ಸ್ಪೀಕರಿನಲ್ಲಿ ವ್ಯತ್ಯಾಸ ಯಾರಿಗೂ ತಿಳಿಯದು.

ಈಗ ನಿಮ್ಮ ರೋಗ ಯಾವುದು ಅಂತ ಹಿಡಿಯೋಣ. ಸದ್ದು ಒಡೆದ ಜಾಗವನ್ನೇ ಕೂಡಲೇ ಇನ್ನೊಮ್ಮೆ ಪ್ಲೇ ಮಾಡಿ. ಎರಡನೇ ಸಲ ಸಾಫಾಗಿ ಬಂದರೆ ತಪ್ಪು ಹೆಚ್ಚಾಗಿ ಡಿಸ್ಕಿನದು. ಒಮ್ಮೆ ಓದಿದ್ದನ್ನು ವಿಂಡೋಸ್ ಸ್ವಲ್ಪ ಹೊತ್ತು ನೆನಪಿಟ್ಟಿರುತ್ತದೆ, ಅದಕ್ಕೇ. ಎರಡನೇ ಸಲವೂ ಒಡೆದರೆ ಆಡಿಯೋ ಸೆಟ್ಟಿಂಗ್‌ನಲ್ಲಿ ಬಫರ್ (ಒಂದು ಸಲಕ್ಕೆ ಎಷ್ಟು ಸದ್ದು ಸಿದ್ಧ ಮಾಡಬೇಕು ಅನ್ನುವ ಲೆಕ್ಕ) ಜಾಸ್ತಿ ಮಾಡಿ. 48 ಕಿಲೋಹರ್ಟ್ಜ್‌ನಲ್ಲಿ ಅದು 256 ಇದ್ದರೆ ಪ್ರೊಸೆಸರ್‌ಗೆ ಸಿಗುವುದು ಬರೀ 5.3 ಮಿಲಿಸೆಕೆಂಡ್, ಅಷ್ಟರಲ್ಲಿ ಎಲ್ಲ ಸದ್ದನ್ನೂ ಕೂಡಿಸಿ ಕೊಡಬೇಕು. 1024 ಇಟ್ಟರೆ 21 ಸಿಗುತ್ತದೆ. ಆಗ ಸರಿಹೋದರೆ ತಪ್ಪು ಪ್ರೊಸೆಸರಿನದು. ಆದರೆ ಬಫರ್ ಜಾಸ್ತಿಯಾದರೆ ನುಡಿಸುವಾಗ ಕೀ ಒತ್ತಿದ್ದಕ್ಕೂ ಕೇಳಿದ್ದಕ್ಕೂ ಸ್ವಲ್ಪ ಅಂತರ ಅನ್ನಿಸುತ್ತದೆ. ಅದಕ್ಕೆ ನುಡಿಸುವಾಗ ಕಡಿಮೆ, ಮಿಕ್ಸ್ ಮಾಡುವಾಗ ಜಾಸ್ತಿ ಇಟ್ಟುಕೊಳ್ಳಿ. ಸದ್ದು ಬಿಡಿ, ಲೋಡ್ ಆಗುವಾಗಲೇ ಮೌಸ್ ಕೂಡ ಅಲ್ಲಾಡದಿದ್ದರೆ ಅದು ಹೆಚ್ಚಾಗಿ ರ‍್ಯಾಮ್ ಕೊರತೆ.

ನೀವು ಬರೆದ ಲಕ್ಷಣ ನೋಡಿದರೆ ನನ್ನ ಅನುಮಾನ ಡಿಸ್ಕ್ ಮೇಲೇ. ಯುಎಸ್‌ಬಿ 3ಗೆ ಹಾಕುವ ಎಸ್‌ಎಸ್‌ಡಿ ತಂದು ಲೈಬ್ರರಿ ಅದಕ್ಕೆ ಸಾಗಿಸಿ. ಪೆನ್‌ಡ್ರೈವ್ ಬೇಡವೇ ಬೇಡ. ಎಸ್‌ಎಸ್‌ಡಿ ಬಂದರೆ ರ‍್ಯಾಮ್ ಕೂಡ ಉಳಿಯುತ್ತದೆ. ಕಾಂಟ್ಯಾಕ್ಟ್‌ನ ಮೆಮೊರಿ ಸೆಟ್ಟಿಂಗ್‌ನಲ್ಲಿ ಪ್ರೀಲೋಡ್ ಬಫರ್ ಅಂತ ಇದೆ, ಪ್ರತಿ ಫೈಲಿನ ತಲೆ ಎಷ್ಟು ದೊಡ್ಡದಿರಬೇಕು ಅನ್ನುವುದು. ಅದು 60 ಕೆಬಿ ಇದ್ದರೆ ಆ 1,920 ಫೈಲಿಗೆ 115 ಎಂಬಿ ಹೋಗುತ್ತದೆ, 12ಕ್ಕೆ ಇಳಿಸಿದರೆ 23. ಗೋದಾಮಿನ ಹುಡುಗ ಚುರುಕಾಗಿದ್ದರೆ ಅಂಗಡಿಯಲ್ಲಿ ಮೂಟೆ ಯಾಕೆ?

ಇನ್ನು ಫ್ರೀಜ್. ಹಾರ್ನ್ ಟ್ರ್ಯಾಕ್ ಮುಗಿಯಿತೇ, ಫ್ರೀಜ್ ಮಾಡಿ. ಅದು ಒಂದು ಮಾಮೂಲಿ ಆಡಿಯೋ ಫೈಲ್ ಆಗುತ್ತದೆ, ಸ್ಯಾಂಪ್ಲರ್ ಇಳಿಯುತ್ತದೆ. ತಿದ್ದಬೇಕೆನಿಸಿದರೆ ಬಿಚ್ಚಬಹುದು. ಸದ್ದನ್ನು ತಡವಿಲ್ಲದೆ ನೇರವಾಗಿ ಸಾಗಿಸುವ ಆಸಿಯೋ ಡ್ರೈವರ್ ಬಳಸಿ, ಕೆಲಸದ ಹೊತ್ತಿಗೆ ವೈಫೈ ಆಫ್ ಮಾಡಿ. ಇವೆರಡಕ್ಕೆ ಖರ್ಚೂ ಇಲ್ಲ.

ಕರೆಂಟ್ ವಿಚಾರ ಮರೆಯಬೇಡಿ. ಚೆನ್ನಾಗಿ ಓಡುತ್ತಿದ್ದದ್ದು ಏಕಾಏಕಿ ಒಡೆದರೆ ಮೊದಲು ಚಾರ್ಜರ್ ನೋಡಿ. ಕರೆಂಟ್ ಹೋಗಿ ಬ್ಯಾಟರಿ ಮೇಲೆ ಬಂದ ಕೂಡಲೇ ಎಷ್ಟೋ ಲ್ಯಾಪ್‌ಟಾಪ್ ವೇಗ ತಗ್ಗಿಸುತ್ತವೆ. ಬಿಸಿಯಾದರೂ ಅಷ್ಟೇ. ನಮ್ಮ ಏಪ್ರಿಲ್, ಮೇ ನಿಮಗೆ ಗೊತ್ತೇ ಇದೆ. ನಾನು ಲ್ಯಾಪ್‌ಟಾಪಿನ ಹಿಂಭಾಗಕ್ಕೆ ಎರಡು ಹಳೇ ಕ್ಯಾಸೆಟ್ ಡಬ್ಬಿ ಕೊಟ್ಟು ಎತ್ತರಿಸುತ್ತೇನೆ, ದೊಡ್ಡ ಮಿಕ್ಸ್ ಇದ್ದರೆ ಬೆಳಿಗ್ಗೆ ಐದಕ್ಕೆ ಕೂರುತ್ತೇನೆ. ಮಧ್ಯಾಹ್ನ ಒಡೆಯುವ ಅದೇ ಪ್ರಾಜೆಕ್ಟ್ ಆಗ ಪಟಪಟ ಇಲ್ಲದೆ ಓಡುತ್ತದೆ.

ಇಷ್ಟು ಮಾಡಿಯೂ ಒಡೆದರೆ, ನಿಮ್ಮದು ಬಿಚ್ಚುವ ಮಾದರಿಯಾದರೆ ರ‍್ಯಾಮ್ 16ಕ್ಕೆ ಏರಿಸಿ. ಕೆಲವು ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅಂಗಡಿಗೆ ಹೋಗುವ ಮೊದಲೇ ನೋಡಿಕೊಳ್ಳಿ. ಅಂದ ಹಾಗೆ, ನಾಟಕಕ್ಕೆ ಹಾರ್ಮೋನಿಯಂ ಹೇಗೂ ನೀವೇ ನುಡಿಸುತ್ತೀರಿ ತಾನೇ? ಅದು ಒಂದು ಮೈಕು, ಒಂದು ಟ್ರ್ಯಾಕು. ಲ್ಯಾಪ್‌ಟಾಪಿಗೆ ಅದು ಭಾರವೇ ಅಲ್ಲ.